ಅರವತ್ತೆಂಟು ಕೊಡುವ ಬೈಕು

"ಗುರುಗಳೆ, ನಾನೇ ಆರಿಸಿಕೊಂಡ ಕೆಲಸವನ್ನು ಬಿಟ್ಟು ಇನ್ನೊಬ್ಬನ ಕೆಲಸ ಕೇಳಿದರೆ ತಪ್ಪೇ?"

ಕೇಳಿದವನು ಮಡಿವಾಳಯ್ಯ. ಒಂದು ವರ್ಷದ ಹಿಂದೆ ಮಠದಲ್ಲಿ ಇಬ್ಬರು ಶಿಷ್ಯರಿಗೆ ಎರಡು ಕೆಲಸಗಳಿದ್ದವು. ಒಂದು, ಮಠದ ವಿದ್ಯಾರ್ಥಿನಿಲಯದ ಮಕ್ಕಳಿಗೆ ಪಾಠ ಹೇಳುವುದು. ಇನ್ನೊಂದು, ಊರೂರಿಗೆ ಹೋಗಿ ಪ್ರವಚನ ಮಾಡುವುದು. ಹಿರಿಯನೆಂದು ಮಡಿವಾಳಯ್ಯನಿಗೆ ಮೊದಲು ಆರಿಸಿಕೊಳ್ಳಲು ಬಿಟ್ಟಿದ್ದರು. ಅವನು ಪಾಠ ಆರಿಸಿಕೊಂಡ. ಉಳಿದ ಪ್ರವಚನ ರೇವಣಸಿದ್ಧನ ಪಾಲಿಗೆ ಬಂತು.

"ರೇವಣಸಿದ್ಧನಿಗೆ ಈಚೆಗೆ ಗಂಟಲು ಕಟ್ಟುತ್ತಿದೆ" ಎಂದ ಮಡಿವಾಳಯ್ಯ. "ಅವನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. ನಾನು ಪ್ರವಚನಕ್ಕೆ ಹೋಗುತ್ತೇನೆ, ಅವನು ಮಕ್ಕಳನ್ನು ನೋಡಿಕೊಳ್ಳಲಿ."

ಗುರುಗಳು ಕುಳಿತುಕೋ ಎಂದು ಕೈ ತೋರಿಸಿ, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಸುತ್ತಲಿನ ಹತ್ತು ಹಳ್ಳಿಗಳಿಗೆ ಹೋಗಿ ಗಾಜಿನ ಬಳೆ ಮಾರುವುದು, ತೊಡಿಸುವುದು ಅವನ ಕಸುಬು. ಆ ಹತ್ತರಲ್ಲಿ ಒಂದು ಹಳ್ಳಿಯಲ್ಲಿ ಅವನ ಮನೆತನಕ್ಕೆ ಒಂದು ಹಕ್ಕಿತ್ತು. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳ ಕೈಗೆ ಹಸಿರು ಬಳೆ ತೊಡಿಸುವವರು ಅವನ ಮನೆಯವರೇ. ಅಜ್ಜ ತೊಡಿಸಿದ್ದ, ಅಪ್ಪ ತೊಡಿಸಿದ್ದ, ಈಗ ಅವನು ತೊಡಿಸುತ್ತಿದ್ದ. ಅವನಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ನಾಲ್ಕು ಜನರೆದುರು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಬಳೆಗಾರನಿಗೆ ಒಬ್ಬ ಷಡ್ಡಕನಿದ್ದ, ಹೆಂಡತಿಯ ತಂಗಿಯ ಗಂಡ. ರವಿಕೆ ಖಣ ಮಾರುವವನು. ಅವನ ತಿರುಗಾಟ ಇನ್ನೂ ದೂರದ್ದು, ದಿನಕ್ಕೆ ನೂರು ಕಿಲೋಮೀಟರಾದರೂ ಆಗುತ್ತಿತ್ತು. ಇಬ್ಬರಿಗೂ ಗಂಟು ಹೊತ್ತು ಬಸ್ಸು ಕಾದು ಕಾದು ಸಾಕಾಗಿತ್ತು. ಹಳೆಯದಾದರೂ ಸರಿ, ಒಂದೊಂದು ಬೈಕು ಕೊಳ್ಳೋಣವೆಂದು ಪರಿಚಯದ ಗಾಡಿ ರಿಪೇರಿ ಮಿಸ್ತ್ರಿಯನ್ನು ಕರೆದುಕೊಂಡು ಪೇಟೆಗೆ ಹೋದರು.

ಅವರ ಕೈಗೆಟುಕುವಂಥವು ಅಲ್ಲಿ ಎರಡೇ ಇದ್ದವು. ಒಂದು ಕಪ್ಪು, ಒಂದು ಕೆಂಪು. ಬೆಲೆ ಎರಡಕ್ಕೂ ಒಂದೇ. ಕಪ್ಪು ಬೈಕು ನೋಡಲು ಲಡಕಾಸಿ. ಎಲ್ಲೋ ಬಿದ್ದು ಎದ್ದು ಬಂದದ್ದು. ಆದರೆ ಎಂಜಿನ್ ಗಟ್ಟಿ, ಲೀಟರಿಗೆ ಅರವತ್ತೆಂಟು ಕಿಲೋಮೀಟರು ಓಡುತ್ತಿತ್ತು. ಕೆಂಪು ಬೈಕು ಒಬ್ಬ ಮಾಸ್ತರರದು. ಮೈಮೇಲೆ ಒಂದು ಗೀರಿಲ್ಲ, ತಗ್ಗಿನಲ್ಲಿ ಇಳಿದರೂ ಕುಲುಕುವುದಿಲ್ಲ. ಆದರೆ ಪೆಟ್ರೋಲು ಜಾಸ್ತಿ ಕುಡಿಯುತ್ತಿತ್ತು, ಲೀಟರಿಗೆ ನಲವತ್ತೈದು ದಾಟುತ್ತಿರಲಿಲ್ಲ.

ದೊಡ್ಡ ಅಳಿಯನೆಂದು ಬಳೆಗಾರನೇ ಮೊದಲು ಆರಿಸಬೇಕೆಂದಾಯಿತು. ಮಿಸ್ತ್ರಿ ಎರಡನ್ನೂ ಒಂದು ಸುತ್ತು ಓಡಿಸಿ ಬಂದು ಬಳೆಗಾರನನ್ನು ಪಕ್ಕಕ್ಕೆ ಕರೆದ.

"ನಿಮ್ಮದು ಗಾಜಿನ ಯಾಪಾರರೀ. ಕಣ್ಣು ಮುಚ್ಚಿ ಕೆಂಪು ತಗೋರಿ. ಕಪ್ಪಿಂದು ಚಾಸಿ ಸೊಟ್ಟ ಆಗೈತಿ, ಏನ ಹೊಸಾದು ಹಾಕಿದ್ರೂ ಕುಲುಕ ಹೋಗಂಗಿಲ್ಲ. ಖಣ ಕುಲುಕಿದ್ರ ಏನಾಕ್ಕೈತಿ? ಅದು ಅವರಿಗಿರಲಿ."

ಬಳೆಗಾರನಿಗೆ ಮಾತು ಹಿಡಿಸಿತು. ಕೆಂಪು ಬೈಕಿನ ಎರಡೂ ಬದಿಗೆ ಮರದ ಪೆಟ್ಟಿಗೆ ಕಟ್ಟಿಸಿದ. ಒಳಗೆ ಹುಲ್ಲು ಹಾಸಿ ಬಳೆ ಜೋಡಿಸಿದ. ಮೊದಲ ವಾರ ಒಂದೇ ಒಂದು ಬಳೆ ಒಡೆಯಲಿಲ್ಲ. ಬಸ್ಸಿನಲ್ಲಿ ದಿನಕ್ಕೆ ಐದಾರು ಒಡೆದುಹೋಗುತ್ತಿದ್ದವು. ಬಳೆಗಾರ ಹಾಡಿಕೊಂಡು ಹೋಗಿ ಹಾಡಿಕೊಂಡು ಬರುತ್ತಿದ್ದ. ಆ ಸುಖ ಎಂಟು ದಿನ ಇತ್ತು.

ಒಂಬತ್ತನೆಯ ದಿನ ಹಬ್ಬ. ಇಬ್ಬರು ಅಳಿಯಂದಿರೂ ಹೆಂಡತಿಯರನ್ನು ಹಿಂದೆ ಕೂರಿಸಿಕೊಂಡು ಮಾವನ ಮನೆಗೆ ಹೋದರು. ಮಾವ ಎರಡೂ ಬೈಕಿನ ಸುತ್ತ ಬಂದು, ನಮ್ಮ ಕಡೆ ಬೈಕು ಕಂಡವರೆಲ್ಲ ಕೇಳುವ ಪ್ರಶ್ನೆ ಕೇಳಿದ.

"ಎಷ್ಟ ಕೊಡತೈತಿ?"

"ಅರವತ್ತೆಂಟು ಕೊಡತೈತ್ರೀ ಮಾವಾರ" ಎಂದ ಷಡ್ಡಕ.

"ಭಲೆ!" ಎಂದ ಮಾವ. ಆಮೇಲೆ ಬಳೆಗಾರನ ಕಡೆ ತಿರುಗಿದ. ಬಳೆಗಾರ ನಲವತ್ತೈದು ಎಂದ. ಮಾವ, ಕೈಕಾಲು ತೊಳೆದುಕೊಂಡು ಊಟಕ್ಕೆ ಏಳಿರಿ ಎಂದ.

ಅಷ್ಟೇ ನಡೆದದ್ದು. ಆದರೆ ಹೊಟ್ಟೆಕಿಚ್ಚಿಗೆ ಅಷ್ಟು ಸಾಕು. ಬಳೆಗಾರ ಮುರಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟ. ಮೊದಲು ಆರಿಸಿದವನು ನಾನು, ಭಲೆ ಅನ್ನಿಸಿಕೊಂಡವನು ಅವನು. ಮಿಸ್ತ್ರಿ ಅವನ ಕಡೆಯವನೇ ಇರಬೇಕು. ಇಬ್ಬರೂ ಸೇರಿ ನನ್ನ ತಲೆಗೆ ಇದನ್ನು ಕಟ್ಟಿದರು. ಹೀಗೆ ಅವನ ಲೆಕ್ಕ ಓಡಿತು. ತಾನೇ ಕೈ ತೋರಿಸಿ ಆರಿಸಿದ್ದು ಅವನಿಗೆ ಆಗಲೇ ಮರೆತುಹೋಗಿತ್ತು.

ಅಲ್ಲಿಂದ ಮುಂದೆ ಅವನಿಗೆ ಬೇರೆ ಧ್ಯಾನವಿಲ್ಲ. ಷಡ್ಡಕ ಯಾವ ದಿನ ಪೆಟ್ರೋಲು ಹಾಕಿಸಿದ, ಆಮೇಲೆ ಎಷ್ಟು ಊರು ತಿರುಗಿದ ಎಂದು ಬಂಕಿನವನನ್ನು ಕೇಳುತ್ತಿದ್ದ. ತನ್ನ ಬೈಕನ್ನು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಇಳಿಸುತ್ತಿದ್ದ. ಭಾರ ಕಡಿಮೆಯಾದರೆ ಹೆಚ್ಚು ಓಡುತ್ತದೆಂದು ದಿಬ್ಬದ ಬುಡದಲ್ಲಿ ಹೆಂಡತಿಯನ್ನು ಇಳಿಸಿ, ತಾನು ಮೇಲೆ ಹೋಗಿ ಕಾಯುತ್ತಿದ್ದ. ಆ ಹೆಂಗಸು ಉಸಿರು ಬಿಡುತ್ತ ಹತ್ತಿ ಬಂದರೆ, ಇವನು ಮೀಟರು ನೋಡುತ್ತ ನಿಂತಿರುತ್ತಿದ್ದ. ಇಷ್ಟು ಮಾಡಿದರೂ ನಲವತ್ತೈದು ನಲವತ್ತಾರಾಗಲಿಲ್ಲ.

ಪೆಟ್ರೋಲಿಗೆ ಹೆಚ್ಚು ಹೋಗುತ್ತದೆಂದು ಅವನಿಗೆ ದುಃಖವಿರಲಿಲ್ಲ. ಅದರ ಎರಡರಷ್ಟು ಬೆಲೆಯ ಬಳೆ ಒಡೆಯದೆ ಉಳಿಯುತ್ತಿತ್ತು. ಷಡ್ಡಕನಿಗೆ ಕಡಿಮೆ ಹೋಗುತ್ತದಲ್ಲ, ಆ ಸಂಕಟ. ಕಪ್ಪು ಬೈಕಿನ ಸದ್ದು ದೂರದಲ್ಲಿ ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಂದು ದಿನ ಷಡ್ಡಕನ ಮನೆಗೆ ಹೋದ. ಹೊಟ್ಟೆಯಲ್ಲಿ ಕಿಚ್ಚು, ನಾಲಿಗೆಯ ಮೇಲೆ ಬೆಲ್ಲ.

"ತಮ್ಮಾ, ದಿನಾ ನೂರು ಕಿಲೋಮೀಟರು ಆ ಕುಲುಕೋ ಗಾಡಿ ಹೊಡದ್ರ ನಿನ್ನ ಬೆನ್ನು ಉಳದೀತೇನು? ನಂಗ ನಿದ್ದಿ ಬರವಲ್ದು. ನೀ ಕೆಂಪು ಇಟ್ಕೋ. ಕಪ್ಪು ನಂಗಿರಲಿ."

"ಅಣ್ಣಾ, ನನ್ನ ಬೆನ್ನಿಂದು ಬಿಡ್ರಿ. ನಿಮ್ಮ ಗಾಜಿನ ಬಳಿ ಗತಿ ಏನ್ರಿ?"

"ಬಳಿ ಹೆಂಗ ಒಯ್ಯಬೇಕಂತ ನನಗ ಕಲಸ್ತೀಯೇನು? ಮೂರು ತಲಿಯಿಂದ ಮಾಡಾಕತ್ತೀವಿ."

ಷಡ್ಡಕ ಹಿರಿಯನ ಎದುರು ವಾದವೇಕೆಂದು ಕೀಲಿಕೈ ತಂದುಕೊಟ್ಟ. ಬಳೆಗಾರ ಪೆಟ್ಟಿಗೆಗಳನ್ನು ಕಪ್ಪು ಬೈಕಿಗೆ ಕಟ್ಟಿಸಿಕೊಂಡು ಗೆದ್ದವನಂತೆ ಮನೆಗೆ ಬಂದ.

ಮೊದಲ ದಿನ ಹದಿನಾಲ್ಕು ಬಳೆ ಒಡೆದವು. ರಸ್ತೆ ಸರಿಯಿಲ್ಲ ಎಂದ. ಎರಡನೆಯ ದಿನ ಇಪ್ಪತ್ತು. ಹುಲ್ಲು ಸರಿಯಿಲ್ಲ ಎಂದ. ಮೂರನೆಯ ದಿನದಿಂದ ಎಣಿಸುವುದನ್ನೇ ಬಿಟ್ಟ. ಊರು ತಲುಪುವ ಮೊದಲು ಪೆಟ್ಟಿಗೆ ತೆರೆದು, ಚೂರುಗಳನ್ನು ಬೇಲಿಯಾಚೆ ಸುರಿದು, ಉಳಿದದ್ದನ್ನು ಮುಂದೆ ಜೋಡಿಸಿಕೊಂಡು ಹೋಗುತ್ತಿದ್ದ. ಬೇಕಾದ ಅಳತೆ ಸಿಗದೆ ಹೆಂಗಸರು ಕೈ ಹಿಂದಕ್ಕೆಳೆದುಕೊಂಡು ಏಳುತ್ತಿದ್ದರು. ಆದರೆ ಚಹಾದಂಗಡಿಯಲ್ಲಿ ಯಾರಾದರೂ ಎಷ್ಟು ಕೊಡುತ್ತದೆ ಎಂದರೆ, ಎದೆ ಸೆಟೆಸಿ ಅರವತ್ತೆಂಟು ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಅವನು ಏನನ್ನೂ ಕಳೆದುಕೊಳ್ಳಲು ತಯಾರಾಗಿದ್ದ.

ಅಷ್ಟರಲ್ಲಿ ಹಕ್ಕಿನ ಹಳ್ಳಿಯಿಂದ ಹೇಳಿ ಕಳಿಸಿದರು. ದೊಡ್ಡ ಮನೆಯ ಮೊಮ್ಮಗಳ ಮದುವೆ. ಬಳೆಗಾರ ಪೇಟೆಗೆ ಹೋಗಿ ಒಳ್ಳೆಯ ಹಸಿರು ಬಳೆಗಳನ್ನೇ ಆರಿಸಿ ತಂದ. ಹೊರಡುವ ಮುಂಜಾನೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೊಂದಿನ ನನ್ನ ತಂಗಿ ಮನಿಯಿಂದ ಆ ಕೆಂಪು ಗಾಡಿ ತರ್ರಿ. ಕೇಳಿದ್ರ ಅವರೇನ ಒಲ್ಲೆ ಅಂತಾರೇನು?"

ಒಲ್ಲೆ ಅನ್ನುವುದಿಲ್ಲವೆಂದು ಬಳೆಗಾರನಿಗೂ ಗೊತ್ತಿತ್ತು. ಅದೇ ಅವನಿಗೆ ಬೇಡವಾಗಿತ್ತು. ಕೇಳಿದರೆ ಷಡ್ಡಕ ನಗುನಗುತ್ತ ಕೊಡುತ್ತಾನೆ. ಬಳೆಯ ಬಗ್ಗೆ ಅವನು ಅಂದು ಹೇಳಿದ್ದು ಸರಿ ಎಂದಾಗುತ್ತದೆ. ಅದಕ್ಕಿಂತ ಕಾಲ್ನಡಿಗೆಯಲ್ಲಿ ಹೋಗುವುದು ಮೇಲು ಎಂದುಕೊಂಡ. ಹಾಗೆಂದು ಕಾಲ್ನಡಿಗೆಯಲ್ಲೂ ಹೋಗಲಿಲ್ಲ. ಹೆಂಡತಿಯನ್ನು ಸರಿಸಿ ಕಪ್ಪು ಬೈಕನ್ನೇ ಹತ್ತಿದ.

ಮದುವೆಮನೆಯ ಅಂಗಳ ತುಂಬಿತ್ತು. ಮದುಮಗಳನ್ನು ಮಣೆಯ ಮೇಲೆ ಕೂರಿಸಿದ್ದರು. ದಾರಿಯಲ್ಲಿ ಪೆಟ್ಟಿಗೆ ತೆರೆದು ನೋಡಲು ಅವನಿಗೆ ಧೈರ್ಯ ಸಾಲದೆ ಹಾಗೆಯೇ ಬಂದುಬಿಟ್ಟಿದ್ದ. ಮದುಮಗಳ ಅಜ್ಜಿ ಪೆಟ್ಟಿಗೆಗೆ ಕುಂಕುಮ ಹಚ್ಚಿ, ತೆಗೆಯಪ್ಪಾ ಎಂದಳು. ಬಳೆಗಾರ ಮುಚ್ಚಳ ಎತ್ತಿದ. ಒಳಗೆ ಹಸಿರು ಚೂರುಗಳ ರಾಶಿ. ಕೈ ಹಾಕಿ ತಡಕಿದ. ಎರಡು ಕೈ ತುಂಬುವುದಿರಲಿ, ಒಂದು ಕೈಗೂ ಆಗುವಷ್ಟು ಇಡೀ ಬಳೆ ಸಿಗಲಿಲ್ಲ. ಬೆರಳು ಕೊಯ್ದು ರಕ್ತ ಬಂತು.

ಒಡೆದ ಹಸಿರು ಬಳೆ, ಅದೂ ಮದುಮಗಳ ಎದುರಿಗೆ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಅಜ್ಜಿ ಬೈಯಲಿಲ್ಲ. ಮೊಮ್ಮಗಳ ಕಣ್ಣಿಗೆ ಕಾಣದಂತೆ ತಾನೇ ಮುಚ್ಚಳ ಮುಚ್ಚಿದಳು.

"ನಿಮ್ಮಜ್ಜ ನನಗ ಬಳಿ ಇಡಿಸಿದ್ದ" ಎಂದಳು. "ಹೋಗಿ ಬಾ, ತಮ್ಮಾ."

ಪಕ್ಕದ ಊರಿನ ಬಳೆಗಾರನನ್ನು ಕರೆತರಲು ಆಗಲೇ ಯಾರೋ ಓಡಿದ್ದರು. ಮೂರು ತಲೆಮಾರಿನ ಹಕ್ಕು ಹೋಗಲು ಅಷ್ಟೇ ಹೊತ್ತು ಹಿಡಿಯಿತು. ಹಳ್ಳಿಯ ಹೊರಗೆ ಬಂದು ಬಳೆಗಾರ ಬೈಕು ನಿಲ್ಲಿಸಿ ಅತ್ತ. ತಪ್ಪು ತನ್ನದೇ ಎಂದು ಆಗ ಅವನಿಗೆ ಚೆನ್ನಾಗಿಯೇ ತಿಳಿದಿತ್ತು. ಅದನ್ನು ಒಪ್ಪಿಕೊಂಡೇ ಬರುತ್ತೇನೆಂದು ನೇರ ಷಡ್ಡಕನ ಮನೆಗೆ ಹೋದ.

ಷಡ್ಡಕ ಅವನ ಮುಖ ನೋಡಿದ, ಕೊಯ್ದ ಬೆರಳು ನೋಡಿದ. ಒಳಗೆ ಹೋಗಿ ಕೆಂಪು ಬೈಕಿನ ಕೀಲಿಕೈ ತಂದು ಅವನ ಅಂಗೈಯಲ್ಲಿಟ್ಟ. ತಾನೇ ಪೆಟ್ಟಿಗೆಗಳನ್ನು ಬಿಚ್ಚಿ ಕೆಂಪು ಬೈಕಿಗೆ ಕಟ್ಟಿಕೊಟ್ಟ. ಬಳೆಗಾರ ಹತ್ತಿ ಕುಳಿತ. ತಪ್ಪಾಯಿತು ತಮ್ಮಾ ಎನ್ನಲು ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆ.

"ನಿನ್ನ ಕೈಯಾಗ ಇದು ಎಷ್ಟ ಕೊಟ್ಟಿತು?"

"ಐವತ್ತೆರಡು ಕೊಟ್ಟಿತಣ್ಣಾ" ಎಂದ ಷಡ್ಡಕ. ಅವನು ಸುಳ್ಳು ಹೇಳುವವನಲ್ಲ.

ಬಳೆಗಾರನ ಹೊಟ್ಟೆಗೆ ಮತ್ತೆ ಕೊಳ್ಳಿ ಬಿತ್ತು. ತನಗೆ ನಲವತ್ತೈದು, ಅವನಿಗೆ ಐವತ್ತೆರಡು. ಅದೇ ಬೈಕು, ಅದೇ ಪೆಟ್ರೋಲು. ದಾರಿಯುದ್ದಕ್ಕೂ ಅವನು ಆ ಏಳು ಕಿಲೋಮೀಟರನ್ನೇ ನೆನೆಯುತ್ತ ಹೋದ. ಹೋದ ಹಕ್ಕು, ಬೆರಳಿನ ಗಾಯ, ಅಜ್ಜಿಯ ಮಾತು, ಯಾವುದೂ ಆಮೇಲೆ ಅವನ ನೆನಪಿಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ನಕ್ಕ.

"ಎಂಥ ಮೂಢ, ಗುರುಗಳೆ! ಆದರೆ ನನ್ನದು ಹಾಗಲ್ಲ. ನನಗೆ ರೇವಣಸಿದ್ಧನ ಮೇಲೆ ಹೊಟ್ಟೆಕಿಚ್ಚಿಲ್ಲ. ಅವನ ಗಂಟಲಿಗೆ ಎಷ್ಟು ಆಯಾಸವೆಂದು ನೀವೇ ನೋಡಿ. ಹೋದ ಸೋಮವಾರ ಅವನ ಪ್ರವಚನಕ್ಕೆ ಮುನ್ನೂರ ನಲವತ್ತು ಜನ ಬಂದಿದ್ದರು. ಮೊನ್ನೆ ನಾನೂರ ಹತ್ತು. ಹನ್ನೊಂದು ಹಾರ ಹಾಕಿದರು. ಒಂದೂವರೆ ಗಂಟೆ ಮಾತಾಡಿದ."

ಗುರುಗಳು ಕೇಳಿದರು: "ಮೂರು ದಿನದಿಂದ ನಿನ್ನ ಪಾಠಕ್ಕೆ ಬಾರದೆ ಇರುವ ಮಗು ಯಾವುದು?"

ಮಡಿವಾಳಯ್ಯನಿಗೆ ಹೆಸರು ಹೊಳೆಯಲಿಲ್ಲ.