ಕುಟ್ರು ಮೂರು ಸಲ ಕೂಗಿತು

ಒಂದು ಕಾಡಿನಲ್ಲಿ ಒಂದು ತಾರೆ ಮರವಿತ್ತು. ಹಳೆಯ ಮರ. ಮೈತುಂಬ ಪೊಟರೆಗಳು, ಒಂದೊಂದು ಪೊಟರೆಯಲ್ಲೂ ಒಂದೊಂದು ಸಂಸಾರ. ನಡುವೆ ಅಳಿಲುಗಳಿದ್ದವು. ತುದಿಯಲ್ಲಿ ಕುಟ್ರುಹಕ್ಕಿ ಇತ್ತು. ಕೊಂಬೆಗಳಲ್ಲಿ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಇಷ್ಟು ಮನೆಗಳು ಒಂದೇ ಮರದಲ್ಲಿದ್ದ ಮೇಲೆ ಜಗಳ ಬರದೆ ಇರುತ್ತದೆಯೇ? ಅದಕ್ಕೇ ಅವು ಒಂದು ಸಂಘ ಮಾಡಿಕೊಂಡಿದ್ದವು.

ಸಂಘದ ಕಾರ್ಯದರ್ಶಿ ಗೋಸುಂಬೆ. ಎಲ್ಲರಿಗೂ ಅದು ಗೋಸುಂಬೆ ಮಾವ. ಅದರ ಬಣ್ಣ ಬದಲಾಗುತ್ತಿತ್ತು, ಮಾತು ಬದಲಾಗುತ್ತಿರಲಿಲ್ಲ. ಮರದ ವಿಷಯ ಏನೇ ಇರಲಿ, ಅದು ಪ್ರತಿ ಪೊಟರೆಗೂ ನಡೆದು ಹೋಗಿ ಕೇಳುತ್ತಿತ್ತು, "ನಿಮಗೆ ಇದು ಬೇಕೋ, ಬೇಡವೋ?" ಒಬ್ಬರು ಬೇಡ ಅಂದರೂ ವಿಷಯ ಅಲ್ಲಿಗೇ ಬಿತ್ತು.

ತೊಂದರೆ ಒಂದೇ. ಗೋಸುಂಬೆ ಒಂದು ಹೆಜ್ಜೆ ಇಡುವ ಮೊದಲು ಎರಡು ಸಲ ತೂಗಾಡುತ್ತಿತ್ತು.

ಒಮ್ಮೆ ಪಕ್ಕದ ಮರದಿಂದ ಬಳ್ಳಿಯ ಮೇಲೆ ಕೆಂಪಿರುವೆಗಳ ಸಾಲು ಬಂತು. ಬಳ್ಳಿ ಕಡಿಯೋಣವೇ ಎಂದು ಕೇಳಲು ಗೋಸುಂಬೆ ಹೊರಟಿತು. ಎಲ್ಲರ ಒಪ್ಪಿಗೆ ಸಿಗುವಷ್ಟರಲ್ಲಿ ಇರುವೆಗಳು ಬಂದು, ಅಳಿಲು ಕೂಡಿಟ್ಟಿದ್ದನ್ನೆಲ್ಲ ತಿಂದು, ಅದೇ ಬಳ್ಳಿಯ ಮೇಲೆ ಮನೆಗೆ ಹೋಗಿದ್ದವು.

"ಈಗ ಬಳ್ಳಿ ಕಡಿಯಬಹುದು," ಎಂದಿತು ಗೋಸುಂಬೆ.

"ಇನ್ಯಾಕೆ ಮಾವ? ಇರಲಿ ಬಿಡಿ, ಉಯ್ಯಾಲೆ ಆಡ್ತೀನಿ!" ಎಂದು ಅಳಿಲು ರೇಗಿತು.

ಆಗ ಪುನುಗು ಬೆಕ್ಕು ಮುಂದೆ ಬಂತು. ಅದು ಮರಕ್ಕೆ ಹೊಸದಾಗಿ ಬಂದ ಒಕ್ಕಲು. ಎಲ್ಲಿಗೆ ಹೋದರೂ ಅದಕ್ಕಿಂತ ಮೊದಲು ಅದರ ಪರಿಮಳ ಹೋಗುತ್ತಿತ್ತು.

"ಮಾವ, ಈ ವಯಸ್ಸಿನಲ್ಲಿ ನಿಮಗೆ ಈ ಓಡಾಟ ಯಾಕೆ?" ಎಂದು ಅದು ಮೃದುವಾಗಿ ಹೇಳಿತು. "ಕಾಲ ಬದಲಾಗಿದೆ. ಕುಟ್ರುಹಕ್ಕಿ ತುದಿಯಲ್ಲೇ ಇದೆ, ಗಂಟಲೂ ಗಟ್ಟಿ. ಏನೇ ವಿಷಯ ಬರಲಿ, ಅದು ಮೂರು ಸಲ ಕೂಗಲಿ. ಬೇಡ ಅನ್ನುವವರು ತಮ್ಮ ತಮ್ಮ ಮನೆಯಿಂದಲೇ 'ಬೇಡ' ಅನ್ನಲಿ. ಕೂತಲ್ಲೇ ತೀರ್ಮಾನ!"

"ಸುಮ್ಮನಿದ್ದವರು?" ಎಂದಿತು ಗೋಸುಂಬೆ.

"ಮೂರನೇ ಕೂಗು ಮುಗಿಯುವವರೆಗೆ ಸುಮ್ಮನಿದ್ದರೆ ಒಪ್ಪಿದ ಹಾಗೆ."

"ತಲೆ ಆಡಿಸಿದರೆ?"

"ತುದಿಯಲ್ಲಿರುವ ಕುಟ್ರುವಿಗೆ ಕೆಳಗಿನವರ ತಲೆ ಎಲ್ಲಿ ಕಾಣಬೇಕು ಮಾವ? ತಲೆ ಆಡಿಸೋದು, ಬಾಲ ಆಡಿಸೋದು ಲೆಕ್ಕಕ್ಕಿಲ್ಲ. ಬಾಯಿಬಿಟ್ಟು ಹೇಳಬೇಕು."

ಎಲ್ಲರಿಗೂ ಹಿಡಿಸಿತು. ಮೇಲಿನ ದೊಡ್ಡ ಪೊಟರೆಯಲ್ಲಿದ್ದ ಹೆಣ್ಣು ಮಂಗಟ್ಟೆ ಹಕ್ಕಿಯೂ, "ಒಳ್ಳೇದೇ ಆಯ್ತು. ನನ್ನ ದನಿಯೇನು ಸಣ್ಣದಲ್ಲ," ಎಂದು ನಕ್ಕಿತು.

ಹೊಸ ಪದ್ಧತಿ ಚೆನ್ನಾಗಿಯೇ ನಡೆಯಿತು. ಮತ್ತೆ ಇರುವೆ ಬಂದಾಗ ಕುಟ್ರು ಕೂಗಿತು, ಬಳ್ಳಿ ಬಿತ್ತು, ಇರುವೆಗಳು ನೆಲದಲ್ಲಿ ದಾರಿ ಹುಡುಕಿದವು. ಅಳಿಲು ಪುನುಗು ಬೆಕ್ಕನ್ನು ಹೊಗಳಿದ್ದೇ ಹೊಗಳಿದ್ದು. ಗೋಸುಂಬೆ ಮಾವನೂ ಕೊಂಬೆಯ ಮೇಲೆ ಕಾಲು ಚಾಚಿ ಬಿಸಿಲು ಕಾಯಿಸಿತು.

ಅಷ್ಟರಲ್ಲಿ ಮಂಗಟ್ಟೆ ಮೊಟ್ಟೆ ಇಡುವ ಕಾಲ ಬಂತು. ಈ ಹಕ್ಕಿಯ ರೀತಿಯೇ ಬೇರೆ. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೆಲ್ಲ ಉದುರುತ್ತವೆ. ಹೊಸ ಗರಿ ಬರುವವರೆಗೆ ಹಾರಲಾರದು. ಗಂಡು ಕಾಡೆಲ್ಲ ಅಲೆದು ಹಣ್ಣು ತಂದು ಆ ಸೀಳಿನಲ್ಲೇ ತಿನ್ನಿಸುತ್ತದೆ.

ಆ ಪೊಟರೆಯ ಮೇಲೆ ಪುನುಗು ಬೆಕ್ಕಿಗೆ ಮೊದಲಿನಿಂದಲೂ ಕಣ್ಣಿತ್ತು. ದೊಡ್ಡ ಪೊಟರೆ, ಮಳೆ ಬೀಳದ ಜಾಗ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದ ಹಲಸಿನ ಮರದ ಕೊಂಬೆ ಅದರ ಬಾಗಿಲಿಗೇ ಬಂದು ತಾಗಿತ್ತು. ಕೊಂಬೆಯಲ್ಲಿ ಒಂದು ಭಾರಿ ಹಲಸು ತೂಗುತ್ತಿತ್ತು.

ಹಗಲೆಲ್ಲ ಮಲಗುವ ಪುನುಗು ಬೆಕ್ಕು ಒಂದು ದಿನ ನಡುಮಧ್ಯಾಹ್ನ ಎದ್ದು ಕೂತಿತು. ಗಂಡು ಮಂಗಟ್ಟೆ ದೂರದ ಗೋಳಿ ಮರಕ್ಕೆ ಹಣ್ಣು ತರಲು ಹೋಗಿತ್ತು. ಬಾವಲಿಗಳು ನಿದ್ದೆಯಲ್ಲಿದ್ದವು. ಗಾಳಿಯೂ ಜೋರಾಗಿತ್ತು.

"ಕುಟ್ರು, ಕೂಗು," ಎಂದಿತು ಪುನುಗು ಬೆಕ್ಕು. "ಹಲಸಿನ ಕಡೆಯ ಪೊಟರೆ ಪುನುಗು ಬೆಕ್ಕಿಗೆ."

ಕುಟ್ರು ಕತ್ತು ಓರೆ ಮಾಡಿತು. "ಅದು ಮಂಗಟ್ಟೆಯಕ್ಕನ ಮನೆಯಲ್ವಾ? ಮೊಟ್ಟೆಯೊಡೆದು ಒಳಗೆ ಮರಿ ಬೇರೆ ಬಂದಿದೆ. ಅಕ್ಕನ ದನಿ ನನಗೆ ಕೇಳಿಸೋದು ಹೇಗೆ?"

"ಕೇಳಿಸಿಕೊಳ್ಳೋದು ಕಿವಿಯ ಕೆಲಸ. ನಿನ್ನದು ಗಂಟಲಿನ ಕೆಲಸ. ಕೂಗುವವರು ಅಭಿಪ್ರಾಯ ಹೇಳಬಾರದು, ಕೂಗು."

ಕುಟ್ರು ಕೂಗಿತು.

ಪೊಟರೆಯೊಳಗಿಂದ ಹೆಣ್ಣು ಮಂಗಟ್ಟೆ "ಬೇಡ! ಬೇಡ!" ಎಂದು ಅರಚಿತು. ಗೋಡೆ ಗಟ್ಟಿಯಾಗಿತ್ತು. ಸೀಳಿನಿಂದ ಹೊರಬಿದ್ದ ಚೂರು ದನಿಯನ್ನು ಗಾಳಿ ಹೊತ್ತೊಯ್ಯಿತು. ಅಳಿಲಿಗೆ ಕುಟ್ರುವಿನ ಕೂಗು ಕೇಳಿಸಿತ್ತು. 'ಇದೇನಿದು ಅನ್ಯಾಯ! ಯಾರಾದರೂ ಬೇಡ ಅಂತಾರೆ ಬಿಡು' ಎಂದುಕೊಂಡು ಅದು ಕಾಯಿ ಕಡಿಯುತ್ತ ಕೂತಿತು. ಗೋಸುಂಬೆ ಮಾವ ಬುಡದಲ್ಲಿತ್ತು. ಎರಡು ಸಲ ತೂಗಾಡಿ ಬಾಯಿ ತೆರೆಯಿತು. ಅಷ್ಟರಲ್ಲಿ ಮೂರನೇ ಕೂಗು ಮುಗಿದಿತ್ತು.

ಸಂಜೆ ಗಂಡು ಮಂಗಟ್ಟೆ ಗಂಟಲ ತುಂಬ ಹಣ್ಣು ತಂದಿತು. ಪೊಟರೆಯ ಎದುರಿನ ಕೊಂಬೆಯಲ್ಲಿ ಪುನುಗು ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

"ನಾಳೆ ಸೂರ್ಯ ಹುಟ್ಟಿದ ಮೇಲೆ ಈ ಗೋಡೆ ಒಡೀತೀನಿ, ಅಣ್ಣ. ಮನೆಯವರನ್ನು ಕರ್ಕೊಂಡು ಹೋಗಿ."

"ಅವಳಿಗೆ ರೆಕ್ಕೆಗರಿ ಇಲ್ಲ. ಮರಿ ಇನ್ನೂ ಕಣ್ಣು ಬಿಟ್ಟಿಲ್ಲ. ಎಲ್ಲಿಗೆ ಕರ್ಕೊಂಡು ಹೋಗಲಿ?"

"ನನಗೂ ಬೇಜಾರೇ ಅಣ್ಣ. ಆದರೆ ಸಂಘದ ತೀರ್ಮಾನ. ಯಾರೂ ಬೇಡ ಅನ್ನಲಿಲ್ಲ."

ಮರದಲ್ಲಿ ಗುಲ್ಲೆದ್ದಿತು. ಅಳಿಲು ಬಾಲ ಮುದುಡಿಕೊಂಡು ಬಂತು. "ಮತ್ತೊಮ್ಮೆ ಕೂಗಿಸೋಣ! ಪೊಟರೆ ಮಂಗಟ್ಟೆಗೇ ಇರಲಿ ಅಂತ!"

"ಧಾರಾಳವಾಗಿ ಕೂಗಿಸಿ," ಎಂದಿತು ಪುನುಗು ಬೆಕ್ಕು. "ನಾನು ಬೇಡ ಅಂತೀನಿ. ಒಬ್ಬರು ಬೇಡ ಅಂದರೂ ವಿಷಯ ಬಿತ್ತು. ಅದು ನಿಮ್ಮದೇ ಹಳೇ ನಿಯಮ, ಅಲ್ವಾ ಮಾವ?"

ಗೋಸುಂಬೆ ಆಗಲೇ ಮೇಲಕ್ಕೆ ನಡೆಯತೊಡಗಿತ್ತು.

"ಎಲ್ಲಿಗೆ ಮಾವ?"

"ಮಂಗಟ್ಟೆಯನ್ನು ಕೇಳಬೇಕು. ಮೊದಲೇ ಕೇಳಬೇಕಿತ್ತು."

"ನೀವು ತಲುಪುವ ಹೊತ್ತಿಗೆ ಅಲ್ಲಿ ನಾನಿರ್ತೀನಿ. ಬನ್ನಿ, ಮಾತಾಡೋಣ," ಎಂದು ಪುನುಗು ಬೆಕ್ಕು ನಕ್ಕಿತು.

ಬೆಳಗಾಗುತ್ತ ಬಂತು. ಪುನುಗು ಬೆಕ್ಕು ಎದುರಿನ ಹಲಸನ್ನೇ ನೋಡುತ್ತಿತ್ತು. ಬೇರೆ ದಿನವಾಗಿದ್ದರೆ ಮೂಸಿ ನೋಡಿ, ಹಣ್ಣಾಗಲಿ ಎಂದು ಕಾಯುತ್ತಿತ್ತು. ಅದಕ್ಕೆ ಹಣ್ಣಿನ ವಿಷಯ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಳಿಲುಗಳು ಬೇಗ ಏಳುತ್ತವೆ. ಬಂದು ಪಾಲು ಕೇಳಿದರೆ? ಅವು ಕಾಣುವ ಮೊದಲೇ ಮುಗಿಸಿಬಿಡೋಣ ಎಂದು ಅದು ಹಲಸಿಗೆ ಬಾಯಿ ಹಾಕಿತು. ಕಚ್ಚಿತು, ಎಳೆಯಿತು, ಜಗಿಯಿತು.

ಹಲಸು ಕಾಯಾಗಿತ್ತು. ಗಾಯವಾದಲ್ಲೆಲ್ಲ ಬೆಳ್ಳಗೆ ಮೇಣ ಸುರಿಯಿತು. ಹಲ್ಲಿಗೆ ಹಲ್ಲು ಅಂಟಿತು, ಮೀಸೆಗೆ ಮೀಸೆ ಅಂಟಿತು. ಬಿಡಿಸಿಕೊಳ್ಳಲು ಹೋದ ಮುಂಗಾಲಿಗೂ ಮೇಣ ಮೆತ್ತಿತು. ಆ ಕಾಲಿಗೆ ತರಗೆಲೆಗಳು ಅಂಟಿದವು.

ಅದೇ ಹೊತ್ತಿಗೆ ಗೋಸುಂಬೆ ಮಾವ ಪೊಟರೆ ತಲುಪಿತು. ಸೀಳಿಗೆ ಕಿವಿ ಇಟ್ಟಿತು.

"ಮಗಳೇ, ನಿನಗೆ ಈ ಮನೆ ಬಿಡೋದು ಬೇಕೋ, ಬೇಡವೋ?"

"ಬೇಡ ಮಾವ. ನಿನ್ನೆಯೇ ಕೂಗಿ ಕೂಗಿ ಹೇಳಿದೆ. ಯಾರಿಗೂ ಕೇಳಿಸಲಿಲ್ಲವಾ?"

ಗೋಸುಂಬೆಯ ಬಣ್ಣ ನಾಚಿಕೆಯಿಂದ ಕಪ್ಪಾಯಿತು. ಅದು ತಲೆ ಎತ್ತಿ ಕರೆಯಿತು, "ಕುಟ್ರು! ಕೂಗು. ಈ ಪೊಟರೆ ಮಂಗಟ್ಟೆಯದೇ."

ಕುಟ್ರು ಕೂಗಿತು. ಎಲ್ಲರೂ ಪುನುಗು ಬೆಕ್ಕಿನ ಕಡೆ ನೋಡಿದರು.

"ಮ್ಮ್," ಎಂದಿತು ಪುನುಗು ಬೆಕ್ಕು.

ಕುಟ್ರು ಎರಡನೇ ಸಲ ಕೂಗಿತು.

"ಮ್ಮ್! ಮ್ಮ್ಮ್!"

"ಏನೋ ಹೇಳ್ತಿದೆ," ಎಂದಿತು ಅಳಿಲು, ಕಿವಿಗೆ ಕೈ ಹಚ್ಚಿ. "ಬೇಡ ಅಂದ ಹಾಗೆ ಕೇಳಿಸ್ತಾ ಇಲ್ಲ. ನಿಮಗೆ ಕೇಳಿಸ್ತಾ?"

"ನನಗೂ ಇಲ್ಲ," ಎಂದಿತು ಒಂದು ಬಾವಲಿ. ಅಂದು ಬಾವಲಿಗಳೂ ಎಚ್ಚರವಾಗಿದ್ದವು.

ಪುನುಗು ಬೆಕ್ಕು ತಲೆ ಆಡಿಸಿತು. ಬಾಲ ಬಡಿಯಿತು. ಕೊಂಬೆಯ ಮೇಲೆ ಕುಣಿಯಿತು.

"ತಲೆ, ಬಾಲ ಲೆಕ್ಕಕ್ಕಿಲ್ಲ ಅಂತ ನೀನೇ ಅಲ್ವೇನಪ್ಪಾ ಹೇಳಿದ್ದು?" ಎಂದಿತು ಗೋಸುಂಬೆ.

ಮೂರನೇ ಕೂಗು ಮುಗಿಯಿತು. ಮನೆ ಉಳಿಯಿತು. ಸೀಳಿನಿಂದ ಮಂಗಟ್ಟೆಯ ಕೊಕ್ಕು ಹೊರಬಂದು ಗೋಸುಂಬೆಯ ತಲೆಯನ್ನು ಮೆಲ್ಲಗೆ ಮುಟ್ಟಿತು.

"ಕುಟ್ರಣ್ಣಾ, ಇನ್ನೊಂದು!" ಎಂದು ಅಳಿಲು ಅಲ್ಲಿಂದಲೇ ಕೂಗಿತು. "ಪುನುಗು ಬೆಕ್ಕು ಈ ಮರ ಬಿಟ್ಟು ಹೋಗಲಿ!"

ಕುಟ್ರು ಇದನ್ನು ಬಹಳ ಖುಷಿಯಿಂದ ಕೂಗಿತು. ಮೂರು ಸಲವೂ ಉತ್ತರ "ಮ್ಮ್" ಎಂದೇ ಬಂತು. ಪುನುಗು ಬೆಕ್ಕು ಮೂರು ಕಾಲಿನಲ್ಲಿ ಕುಂಟುತ್ತ ಕೆಳಗಿಳಿದು ಹೋಯಿತು. ಅದರ ಪರಿಮಳ ಯಾರಿಗೂ ಬರಲಿಲ್ಲ, ಬರೀ ಹಲಸಿನ ವಾಸನೆ.

ಮರಿಗೆ ಗರಿ ಬಂದ ಮೇಲೆ ಹೆಣ್ಣು ಮಂಗಟ್ಟೆ ಗೋಡೆ ಒಡೆದು ಹೊರಗೆ ಬಂತು. ಸಂಘ ಸೇರಿತು. ಕೂಗುವ ಕೆಲಸ ಕುಟ್ರುವಿಗೇ ಇರಲಿ ಎಂದು ಮಂಗಟ್ಟೆಯೇ ಹೇಳಿತು. ಆದರೆ ಸುಮ್ಮನಿದ್ದವರು ಒಪ್ಪಿದ ಹಾಗೆ ಎಂಬ ಮಾತನ್ನು ತೆಗೆದುಹಾಕಿದರು. ಈಗ ಕುಟ್ರು ಕೂಗುತ್ತದೆ, ಮನೆಮನೆಯಿಂದ ಬೇಕು, ಬೇಡ ಎಂದು ಉತ್ತರ ಬರುತ್ತದೆ. ಉತ್ತರ ಬಾರದ ಮನೆಗೆ ಮಾತ್ರ ಗೋಸುಂಬೆ ಮಾವ ನಡೆದು ಹೋಗಿ ಕೇಳುತ್ತದೆ. ಅದು ಬರುವವರೆಗೆ ಎಲ್ಲರೂ ಕಾಯುತ್ತಾರೆ. ಅಳಿಲೂ ಕಾಯುತ್ತದೆ.

ಪುನುಗು ಬೆಕ್ಕಿನ ಬಾಯಿಯ ಮೇಣ ಬಿಡಲು ತುಂಬ ದಿನ ಹಿಡಿಯಿತಂತೆ. ಒಂದು ಸಂಜೆ ಆಚೆ ಗುಡ್ಡದಿಂದ "ಬೇಡ! ಬೇಡ!" ಎಂಬ ಕೂಗು ಕೇಳಿಬಂತು.

"ಏನದು?" ಎಂದಿತು ಮಂಗಟ್ಟೆಯ ಮರಿ.

"ಒಂದು ಹಳೇ ಉತ್ತರ," ಎಂದಿತು ಕುಟ್ರು.

ನೀತಿ: ಹೊಸ ಪದ್ಧತಿ ಕೆಲಸವನ್ನು ಹಗುರ ಮಾಡಬೇಕು, ಆದರೆ ದನಿ ಕೇಳಿಸದವರನ್ನು ಹೋಗಿ ಕೇಳುವುದನ್ನು ಬಿಡಬಾರದು. ಇನ್ನೊಬ್ಬರ ಮೌನದಿಂದ ಲಾಭ ಪಡೆಯಲು ಹೊರಟವರು ತಮ್ಮ ನಿಯಮಕ್ಕೆ ತಾವೇ ಸಿಕ್ಕಿಬೀಳುತ್ತಾರೆ.