ಲಯ ತಪ್ಪಿದ ಮಗ್ಗ

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ಆಡಿಕೊಂಡರೂ ಪಾಪವೇ?" ಎಂದು ಶಿಷ್ಯ ಕೇಳಿದ. "ಸುಳ್ಳು ಹೇಳಿದರೆ ತಪ್ಪು, ಒಪ್ಪುತ್ತೇನೆ. ಕಣ್ಣಾರೆ ಕಂಡದ್ದನ್ನು ನಾಲ್ಕು ಜನರ ಮುಂದೆ ಹೇಳಿದರೆ ಯಾರ ಗಂಟು ಹೋಗುತ್ತದೆ?"

ಗುರುಗಳು ಕತೆ ಹೇಳಿದರು.

ನೇಕಾರರ ಓಣಿಯಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ಹೆಂಡತಿ. ನೇಯುವವಳು ಅವಳು, ನೇಕಾರ ಎನ್ನಿಸಿಕೊಳ್ಳುವವನು ಅವನು. ಮನೆಯಲ್ಲಿ ಇದ್ದದ್ದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಸೊಂಟದವರೆಗೆ ಇಳಿದು ಕೂತರೇ ನೇಯ್ಗೆ.

ಒಂದು ಮಧ್ಯಾಹ್ನ ಅವಳು ನೇಯುತ್ತಿರುವಾಗ ಭೂಮಿ ನಡುಗಿತು. ನಡುಕ ಮೊದಲು ಅವಳ ಅಂಗಾಲಿಗೆ ಬಂತು. ಏಳುವಷ್ಟರಲ್ಲಿ ಹಿಂದಿನ ಗೋಡೆ ಕುಸಿದು, ತೊಲೆಯೊಂದು ಅವಳನ್ನು ಕುಣಿಯಲ್ಲೇ ಅದುಮಿತು. ಬಾಯಿ ತುಂಬ ಮಣ್ಣು. ಕೂಗು ಹೊರಡಲಿಲ್ಲ. ಒಂದು ಕೈ ಮಾತ್ರ ನೂಲನ್ನು ಬಡಿದು ಕೂರಿಸುವ ಮಗ್ಗದ ಹಲಗೆಗೆ ಎಟುಕುತ್ತಿತ್ತು. ಬೀದಿಯ ಕಡೆಯ ಗೋಡೆ ನೆಟ್ಟಗೆ ನಿಂತಿತ್ತು. ಹೊರಗಿನಿಂದ ನೋಡಿದರೆ ಅದರ ಸುಣ್ಣವೂ ಉದುರಿರಲಿಲ್ಲ.

ಓಣಿಯೆಲ್ಲ ಬೀದಿಗೆ ಬಂದಿತ್ತು. ಅವಳ ಗಂಡನೂ ಬಂದ, ಬೇರೆ ಮನೆಯ ಬಾಗಿಲಿಂದ. ಗಡಿಬಿಡಿಯಲ್ಲಿ ಸುತ್ತಿಕೊಂಡದ್ದು ಪಂಚೆಯಲ್ಲ, ಸೀರೆ. ನೇಕಾರರ ಕಣ್ಣಿಗೆ ಅಂಚು ಸಾಕು. ಅದು ಅವನ ಹೆಂಡತಿಯೇ ನೇಯ್ದ ಸೀರೆ!

ಭೂಮಿ ನಡುಗಿದ್ದು ಎಲ್ಲರಿಗೂ ಮರೆತೇ ಹೋಯಿತು.

"ಏನಣ್ಣಾ, ಸೀರೆ ಚೆನ್ನಾಗಿ ಒಪ್ಪುತ್ತದೆ! ಕುಪ್ಪಸ ಒಳಗೇ ಉಳಿಯಿತೇ?" ಎಂದಳು ಒಬ್ಬ ಮುದುಕಿ. ನಗು ಓಣಿಯ ತುದಿ ಮುಟ್ಟಿತು.

ಕುಣಿಯೊಳಗೂ ಆ ನಗು ಕೇಳಿತು. ಜನ ಹತ್ತಿರದಲ್ಲೇ ಇದ್ದಾರೆಂದು ಅವಳಿಗೆ ಹೋದ ಜೀವ ಬಂದಂತಾಯಿತು. ಹಲಗೆ ಎಳೆದು ಬಡಿದಳು. ನೇಯುವ ಹಾಗೆ ಬಡಿದರೆ ಕೆಲಸ ಅಂದುಕೊಂಡಾರು ಎಂದು ಬೇಕೆಂದೇ ಲಯ ತಪ್ಪಿಸಿ ಬಡಿದಳು. ಹುಟ್ಟಾ ನೇಕಾರರು, ತಿಳಿಯದೇ ಇರುತ್ತದೆಯೇ?

ತಿಳಿಯಿತು.

"ಕೇಳಿರೇ, ಲಯ ತಪ್ಪಿದೆ," ಎಂದಳು ಮುದುಕಿ. "ಗಂಡನ ಸಂಗತಿ ಅವಳ ಕಿವಿಗೆ ಬಿತ್ತು. ಹಲಗೆಗೆ ಬೀಳುತ್ತಿರುವುದು ನಿನ್ನ ಬೆನ್ನಿಗೆ ಬೀಳಬೇಕಾದದ್ದು, ಮಾರಾಯ!"

"ಈಗ ಒಳಗೆ ಹೋದರೆ ಸಿಗಿದೇಬಿಡುತ್ತಾಳೆ. ಸ್ವಲ್ಪ ತಣ್ಣಗಾಗಲಿ," ಎಂದು ಗಂಡ ಎದುರು ಮನೆಯ ಕಟ್ಟೆಯ ಮೇಲೆ ಕೂತ.

ಬಡಿತ ಜೋರಾಯಿತು. ನಗುವೂ ಜೋರಾಯಿತು. ಆಮೇಲೆ ಬಡಿತ ಬಿಟ್ಟು ಬಿಟ್ಟು ಬಂತು. ಆಮೇಲೆ ಬರಲಿಲ್ಲ.

"ಇಳಿಯಿತು ನೋಡು ಸಿಟ್ಟು," ಎಂದಳು ಮುದುಕಿ. "ಇನ್ನು ಹೋಗಪ್ಪ ಮನೆಗೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. "ಅವನು ಬೇರೆ ಮನೆಯಿಂದ ಬಂದದ್ದೂ ನಿಜ, ಸೀರೆ ಸುತ್ತಿಕೊಂಡದ್ದೂ ನಿಜ. ಎಲ್ಲ ಕಣ್ಣಾರೆ ಕಂಡದ್ದೇ."

ಶಿಷ್ಯ ಮುಂದಕ್ಕೆ ಬಾಗಿದ. "ಅದು ಸರಿ ಗುರುಗಳೇ, ಅವನು ಹೊರಬಂದದ್ದು ಯಾರ ಮನೆಯಿಂದ?"

"ಅವಳು ಬದುಕಿದಳೇ ಎಂದು ನೀನೂ ಕೇಳಲಿಲ್ಲ," ಎಂದರು ಗುರುಗಳು.