ಊಟದ ಕೋಣೆಯಲ್ಲಿ ಸೌಟಿನ ಸದ್ದು

“ಬಾಯಮ್ಮ, ಪರೀಕ್ಷೆ ಮಾಡುವವರೇ ತಪ್ಪು ಹೇಳಿದರೆ ನಾನು ಏನು ಹೇಳಲಿ?” ಎಂದು ಜಲಜಾಕ್ಷಿ ಕೇಳಿದಳು.

ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಅವಳು ಸೆರಫಿನಾ ಬಾಯಮ್ಮನ ಬಳಿ ಆ ದೇಶದ ಮಾತು ಕಲಿಯುತ್ತಿದ್ದಳು. ಬಾಯಮ್ಮನಿಗೆ ಬರೆಯಲು ಬಾರದು. ಹಿಟ್ಟು ನಾದುತ್ತ ಬಾಯಲ್ಲೇ ಪಾಠ. ‘ಪಾರ್ಲಾರೆ’ ಎಂದರೆ ಮಾತಾಡುವುದು. ಅಲ್ಲಿ ಒತ್ತು ನಡುವಿನ ತುಂಡಿಗೆ. ‘ಪಾರ್ಲನೊ’ ಎಂದರೆ ಅವರು ಮಾತಾಡುತ್ತಾರೆ; ಅಲ್ಲಿ ಒತ್ತು ಮೊದಲ ತುಂಡಿಗೆ. ‘ಪಾರ್’ ಎಂದು ಹಿಟ್ಟಿಗೆ ಅಂಗೈ ಊರಿ ಒಮ್ಮೆ ಜೋರಾಗಿ ಒತ್ತು, ‘ಲ’, ‘ನೊ’ ಎಂದು ಎರಡು ಸಲ ಮೆಲ್ಲಗೆ ತಟ್ಟು. ಆ ಕೆಲಸಕ್ಕೆ ಮಾತಿನ ಪರೀಕ್ಷೆ ಮಾಡುವವರೋ, ‘ಪಾರ್ಲನೊ’ವನ್ನೂ ನಡುವೆಯೇ ಒತ್ತುತ್ತಿದ್ದರು. ಅವರಂತೆ ಹೇಳದವರು ಹಿಂದಿನ ಸಲ ನಪಾಸಾಗಿದ್ದರು.

ಬಾಯಮ್ಮ ಕೈ ನಿಲ್ಲಿಸದೆ ಕತೆ ಹೇಳಿದರು.

“ಒಂದು ಕಾನ್ವೆಂಟಿನಲ್ಲಿ ಸಿಸ್ಟರುಗಳಿಗೆಲ್ಲ ಮೇಲಿನವರಾಗಿ ಒಬ್ಬ ಮದರ್ ಇದ್ದರು. ರೋಮಿನಲ್ಲಿ ಎರಡು ತಿಂಗಳು ಇದ್ದು ಬಂದು ಎರಡು ವರ್ಷ ಎಂದು ಹೇಳಿಕೊಳ್ಳುವವರು. ಅಲ್ಲಿ ಒಬ್ಬಳು ಅಡುಗೆಯವಳು. ಓದು ಬಾರದವಳು. ಆದರೆ ಇಟಲಿಯಿಂದ ಬಂದ ಮುದಿ ಸಿಸ್ಟರ್ ಒಬ್ಬರ ಜೊತೆ ಹನ್ನೆರಡು ವರ್ಷ ರೊಟ್ಟಿಯ ಹಿಟ್ಟು ನಾದಿದವಳು.

“ಊಟದ ಹೊತ್ತಿಗೆ ಅಲ್ಲಿ ಯಾರೂ ಮಾತಾಡುವಂತಿಲ್ಲ. ಒಬ್ಬ ಸಿಸ್ಟರ್ ನಿಂತು ಇಟಲಿಯ ಪುಸ್ತಕ ಓದಬೇಕು. ಒತ್ತು ತಪ್ಪಿದರೆ, ಕೇಳಿದವರು ಚಮಚದಿಂದ ಬಟ್ಟಲಿಗೆ ಬಡಿಯಬೇಕು. ಓದುವವಳು ಮೊಣಕಾಲೂರಿ ಅದೇ ಮಾತನ್ನು ಸರಿಯಾಗಿ ಹೇಳಬೇಕು. ಅಷ್ಟರಲ್ಲಿ ಅವಳ ಗಂಜಿ ತಣ್ಣಗಾಗಿ ಹೋಗುತ್ತಿತ್ತು. ಮದರ್ ಬಡಿದ ಬಡಿತಕ್ಕೆ ಅವರ ಬಟ್ಟಲೇ ನೆಗ್ಗಿತ್ತು, ಸುಳ್ಳಲ್ಲ.

“ಒಂದು ದಿನ ಬಿಷಪರು ಊಟಕ್ಕೆ ಬಂದರು. ಬಿಷಪರಿಗೂ ಮದರ್‌ಗೂ ಕೋಳಿ, ಉಳಿದವರಿಗೆ ಎಂದಿನ ಗಂಜಿ. ಮೆರೆಯಬೇಕಲ್ಲ, ಮದರ್ ತಾವೇ ಓದಲು ನಿಂತರು. ‘ಪಾರ್ಲಾನೊ’ ಎಂದು ನಡುವೆ ಒತ್ತಿದರು. ತಪ್ಪೆಂದು ಎಲ್ಲರಿಗೂ ಗೊತ್ತಾಯಿತು. ನಲವತ್ತು ಚಮಚಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ಗಂಜಿಯಲ್ಲಿ ಉಂಗುರ ಬೀಳಿಸಿಕೊಂಡವರಂತೆ ಎಲ್ಲರೂ ಬಗ್ಗಿ ಬಟ್ಟಲನ್ನೇ ನೋಡುತ್ತಿದ್ದರು.

“ಬಾಗಿಲ ಬಳಿ ನಿಂತಿದ್ದ ಅಡುಗೆಯವಳು ಸೌಟಿನಿಂದ ಹಂಡೆಗೆ ಬಡಿದಳು.

“‘ಯಾರೇ ಅದು?’ ಎಂದರು ಮದರ್.

“‘ನಾನು. ಚಮಚಗಳಿಗೆಲ್ಲ ಇವತ್ತು ಗಂಟಲು ಕಟ್ಟಿದೆ.’

“‘ಓದಲು ಬಾರದ ನೀನು ನನಗೆ ಕಲಿಸುತ್ತೀಯಾ?’

“‘ಕಲಿಸುವಷ್ಟು ದೊಡ್ಡವಳಲ್ಲ, ಮದರ್. ಕಿವಿ ಇದೆ, ಅಷ್ಟೆ. ಬೇಗ ಮೊಣಕಾಲೂರಿಬಿಡಿ, ನಿಮ್ಮ ಕೋಳಿ ಆರುತ್ತದೆ.’

“ಬಿಷಪರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲ, ನನಗೆ ಗೊತ್ತಿಲ್ಲವೇ! ಅವರೆದುರು ಮದರ್ ಇನ್ನೇನು ಮಾಡಿಯಾರು, ಮೊಣಕಾಲೂರಿದರು. ಸರಿಯಾಗಿ ಹೇಳಿದರು. ಮರುದಿನದಿಂದ ಚಮಚ ಬಡಿಯುವುದೇ ನಿಂತಿತು, ಆ ಕೋಣೆಯಲ್ಲಿ ಯಾರ ಗಂಜಿಯೂ ಆರಲಿಲ್ಲ.”

ಜಲಜಾಕ್ಷಿ ನಕ್ಕಳು. ಆಮೇಲೆ ಅವಳಿಗೆ ತನ್ನ ಪರೀಕ್ಷೆ ನೆನಪಾಯಿತು.

“ಆ ಅಡುಗೆಯವಳ ಕೆಲಸ ಏನಾಯಿತು, ಬಾಯಮ್ಮ?”

“ಸಂಜೆಯೊಳಗೆ ಹೋಯಿತು.” ಬಾಯಮ್ಮ ಹಿಟ್ಟನ್ನು ಮಗುಚಿ ಅಂಗೈ ಊರಿದರು. “ಇಲ್ಲದಿದ್ದರೆ ನಿನಗೆ ಕಲಿಸಲು ನನಗೆ ಪುರುಸೊತ್ತು ಎಲ್ಲಿರುತ್ತಿತ್ತು?”